ಖಾಲಿ ಇದ್ದ ಐದನೇ ಕಾಲಂ

ಬಾಗಲಕೋಟೆಯ ನವನಗರದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಒಂದು ಪುಟ್ಟ ಸಂಗ್ರಹಾಲಯವಿದೆ. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಬೇವಿನ ಮರವಿರುವ ಅಂಗಳ. ಸರ್ಕಾರದ್ದಲ್ಲ, ಊರಿನ ಕೆಲವರು ಸೇರಿ ನಡೆಸುತ್ತಾರೆ. ಹಳೇ ಬಾಗಲಕೋಟೆಯ ಮನೆಗಳಿಂದ, ಸುತ್ತಲಿನ ಹಳ್ಳಿಗಳಿಂದ ಬಂದ 400ರ ಆಚೀಚೆ ವಸ್ತುಗಳು ಅಲ್ಲಿವೆ. ತರಕಾರಿ ತರಲು ಹೋಗುವಾಗ ಅದರ ಮುಂದೆಯೇ ಹಾಯುತ್ತಿದ್ದೆ. ಒಳಗೆ ಹೋಗಿದ್ದು ಒಂದೇ ಸಲ.

ಈ ಸಲ ಶಿವರಾತ್ರಿ ಮುಗಿದ ಮೇಲೆ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದು ಕಂಡಿತು. ಹೋಳಿ ಹುಣ್ಣಿಮೆಯಿಂದ ಮೇ ಕೊನೆವರೆಗೆ ಕಾರ್ಯಕ್ರಮಗಳಿವೆ, ಕೈಜೋಡಿಸುವವರು ಬೇಕು, ಇತಿಹಾಸ ಓದಿರಬೇಕು ಅಂತೇನಿಲ್ಲ, ಅಕ್ಷರ ದುಂಡಗಿದ್ದರೆ ಸಾಕು ಅಂತ ಬರೆದಿದ್ದರು. ನನ್ನ ಅಕ್ಷರ ದುಂಡಗಿದೆ. ಚೀಲವನ್ನು ಬಾಗಿಲ ಬಳಿ ಇಟ್ಟು ಒಳಗೆ ಹೋದೆ.

ನಮ್ಮೂರಿನ ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಕಟ್ಟಿ ಮುಗಿಯಲು ದಶಕಗಳೇ ಹಿಡಿದವು. ಹಿನ್ನೀರು ಘಟಪ್ರಭೆಯ ಗುಂಟ ಮೇಲೆ ಬರುತ್ತದೆ ಅಂತಾದಾಗ ಹಳೇ ಊರಿನ ಎಷ್ಟೋ ಓಣಿಯ ಜನ ಮನೆ ಬಿಟ್ಟು ನವನಗರಕ್ಕೆ ಬಂದರು. ಬರುವಾಗ ಬಾಗಿಲು, ಚೌಕಟ್ಟು, ತೊಲೆ, ಜಂತಿ ಎಲ್ಲ ಕಿತ್ತುಕೊಂಡು ಬಂದರು. ಆದರೆ ಹೊಸ ಮನೆಗೆ ಸ್ಲ್ಯಾಬ್ ಬಂತು. ತೊಲೆಗೆ ಜಾಗವಿಲ್ಲ, ಬೀಸುಕಲ್ಲಿಗೆ ಜಾಗವಿಲ್ಲ, ಹಂಡೆ ಇಡಲು ಒಲೆಯೇ ಇಲ್ಲ. ಸ್ವಲ್ಪ ವರ್ಷ ಟೆರೇಸ್ ಮೇಲೆ ಬಿದ್ದಿದ್ದವು. ಆಮೇಲೆ ಮೋಡಕಾ ಅಂಗಡಿಗೆ, ಅಂದರೆ ಗುಜರಿಗೆ ಹೋದವು. ಈ ಸಂಗ್ರಹಾಲಯ ಶುರುವಾಗಿದ್ದೇ ಮೋಡಕಾ ಅಂಗಡಿಯಿಂದ. ಮೊದಲ ಐವತ್ತು ವಸ್ತುಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡು ತಂದಿದ್ದರಂತೆ.

ನೋಡಿಕೊಳ್ಳುವವರು ನಿವೃತ್ತ ಶಿಕ್ಷಕರು. ಎಲ್ಲರೂ ಮಾಸ್ತರು ಅಂತಲೇ ಕರೆಯುತ್ತಾರೆ. ಮೊದಲ ದಿನ ಅವರು ನನಗೆ ಯಾವ ಸಾಮಾನನ್ನೂ ಮುಟ್ಟಲು ಕೊಡಲಿಲ್ಲ. ಒಂದು ದಪ್ಪ ರಿಜಿಸ್ಟರ್ ಮುಂದಿಟ್ಟು, “ಇದನ್ನ ಪೂರ್ತಿ ಓದ್ರಿ” ಅಂದರು. ಎರಡು ದಿನ ಓದಿದೆ. ಒಂಬತ್ತು ಕಾಲಂ. ನಂಬರು, ಬಂದ ದಿನ, ಕೊಟ್ಟವರು, ವಿವರ, ಊರ ಮಾತಿನ ಹೆಸರು, ಅಳತೆ, ಯಾತರಿಂದ ಮಾಡಿದ್ದು, ಈಗಿನ ಸ್ಥಿತಿ, ಇಟ್ಟಿರುವ ಜಾಗ. ನಂಬರು ಹಾಕುವ ರೀತಿ ಬೇಗ ತಿಳಿಯಿತು. 2019.14.3 ಅಂದರೆ 2019ರಲ್ಲಿ ಬಂದ 14ನೇ ಕಂತಿನ 3ನೇ ವಸ್ತು.

ಓದುತ್ತಾ ಹೋದಂತೆ ಐದನೇ ಕಾಲಂ ಕಣ್ಣಿಗೆ ಚುಚ್ಚತೊಡಗಿತು. ಪುಟದ ಮೇಲೆ ಪುಟ ಖಾಲಿ. ನಾಲ್ಕನೇ ಕಾಲಂನಲ್ಲಿ ‘ಮರದ ಉಪಕರಣ, ಹಿಡಿಕೆ ಸಹಿತ’ ಅಂತಿರುತ್ತಿತ್ತು. ‘ಕಬ್ಬಿಣದ ಪಟ್ಟಿ, ಬಾಗಿದ್ದು’ ಅಂತಿರುತ್ತಿತ್ತು. ಅದರ ಪಕ್ಕ ಒಂದು ಗೆರೆ, ಅಷ್ಟೆ. ಹಿಡಿಕೆ ಇರುವ ಮರದ ಉಪಕರಣ ಅಂದರೆ ಏನು ಬೇಕಾದರೂ ಆಗಬಹುದು, ಅಲ್ವಾ? ಮಾಸ್ತರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮೋಡಕಾದಾಂವ ತೂಕ ಹೇಳಿದ, ಹೆಸರು ಹೇಳಲಿಲ್ಲ. ಮನಿಯಿಂದ ಕೊಟ್ಟವರು ಗಡಿಬಿಡಿಯೊಳಗ ಕೊಟ್ಟು ಹೋದರು. ನಾವೂ ಕೇಳಲಿಲ್ರೀ.”

ಆವತ್ತೇ ನಾನು ಆ ಕಾಲಂ ತುಂಬುವ ಕೆಲಸ ನನಗೆ ಕೊಡಿ ಅಂತ ಕೇಳಿಕೊಂಡೆ. ಕೊಟ್ಟರು. ಆದರೆ ಮೊದಲು ಸಾಮಾನು ಹಿಡಿಯುವುದು ಕಲಿಯಬೇಕು ಅಂದರು.

ಹಿಡಿಯುವುದೂ ಒಂದು ವಿದ್ಯೆಯೇ. ಯಾವುದನ್ನೂ ಹಿಡಿಕೆ ಹಿಡಿದು ಎತ್ತಬಾರದು. ಹಳೇ ಸಾಮಾನಿನಲ್ಲಿ ಮೊದಲು ಸಡಿಲವಾಗುವುದೇ ಹಿಡಿಕೆ. ಒಂದು ಕೈ ತಳಕ್ಕೆ, ಒಂದು ಕೈ ಮೈಗೆ. ಎತ್ತುವ ಮೊದಲು ಎಲ್ಲಿ ಇಡಬೇಕು ಅಂತ ಜಾಗ ಮಾಡಿಕೊಂಡಿರಬೇಕು. ಉಗ್ರಾಣದೊಳಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಮರ, ಲೋಹದ ಮೇಲೆ ನಂಬರು ಬರೆಯುವಾಗ ನೇರ ಬರೆಯುವುದಿಲ್ಲ. ಮೊದಲು ಕಾಣದ ಜಾಗದಲ್ಲಿ ಪಾರದರ್ಶಕ ಲೇಪ ಒಂದು ಬೆರಳಗಲ ಹಚ್ಚಿ ಒಣಗಿಸಬೇಕು. ಅದರ ಮೇಲೆ ಸಣ್ಣ ನಿಬ್ಬಿನಲ್ಲಿ ನಂಬರು, ಅದರ ಮೇಲೆ ಮತ್ತೊಂದು ಲೇಪ. ಮುಂದೆ ಬೇಕೆಂದರೆ ಅಸಿಟೋನ್ ಹಚ್ಚಿ ಒರೆಸಿದರೆ ಮೂಲ ಮರಕ್ಕೆ ಏನೂ ಆಗದೆ ಹೋಗುತ್ತದೆ. ಬಟ್ಟೆಗಾದರೆ ಹತ್ತಿಯ ಪಟ್ಟಿಯ ಮೇಲೆ ನಂಬರು ಬರೆದು ಎರಡು ಸಡಿಲ ಹೊಲಿಗೆ.

ಸೀರೆಗಳ ಕೆಲಸ ನನಗೆ ಬಹಳ ಹಿಡಿಸಿತು. ಒಂದು ಹಳೇ ಇಳಕಲ್ ಸೀರೆ ಎಷ್ಟೋ ವರ್ಷದಿಂದ ಮಡಚಿಯೇ ಇತ್ತು. ಮಡಿಕೆ ಬಿದ್ದಲ್ಲಿ ಸೆರಗಿನ ರೇಷ್ಮೆ ಎಳೆ ಎಳೆಯಾಗಿ ಬಿಡುತ್ತಿತ್ತು. ಅದನ್ನು ಬಿಚ್ಚಿ, ಬಿಳಿ ಹತ್ತಿ ಬಟ್ಟೆ ಸುತ್ತಿದ ಕೊಳವೆಗೆ ನಿಧಾನ ಸುತ್ತಿದೆವು. ನಾಲ್ಕು ಜನಕ್ಕೆ ಅರ್ಧ ದಿನ ಹಿಡಿಯಿತು. ಆಗ ಮೊದಲ ಸಲ ನಾನು ಒಡಲು ಮತ್ತು ಸೆರಗು ಸೇರುವ ಜಾಗವನ್ನು ಹತ್ತಿರದಿಂದ ನೋಡಿದೆ. ಒಡಲಿನ ಹಾಸು ಎಳೆ ಬೇರೆ, ಸೆರಗಿನದು ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಇನ್ನೊಂದಕ್ಕೆ ಸಿಕ್ಕಿಸಿರುತ್ತಾರೆ. ಇಳಕಲ್ ಸೀರೆಯನ್ನು ಬೇರೆ ಸೀರೆಯಿಂದ ಗುರುತಿಸುವುದೇ ಆ ಕೊಂಡಿಯಿಂದ. ಮದುವೆಯಿಂದ ಇಲ್ಲಿಯವರೆಗೆ ಎಷ್ಟು ಇಳಕಲ್ ಸೀರೆ ಉಟ್ಟಿದ್ದೇನೆ, ಒಂದು ಸಲವೂ ಆ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಿರಲಿಲ್ಲ. ಜೊತೆಗಿದ್ದ ಗುಳೇದಗುಡ್ಡದ ಹೆಣ್ಣುಮಗಳು ದಡಿ ನೋಡಿ “ಗೋಮಿ ದಡಿ” ಅಂದಳು. ಐದನೇ ಕಾಲಂನಲ್ಲಿ ನಾನು ಬರೆದ ಮೊದಲ ಹೆಸರು ಅದು. ಅವಳೇ ಮುಂದಿನ ಡಬ್ಬಿಯಲ್ಲಿದ್ದ ಖಣಗಳ ಮೇಲಿನ ಚಿತ್ರ ಹೇಳುತ್ತಾ ಹೋದಳು. ತೇರು, ಸೂಜಿಮಲ್ಲಿಗೆ, ಆನೆಹೆಜ್ಜೆ. ನಾನು ಬರೆಯುತ್ತಾ ಹೋದೆ.

ಎರಡನೇ ವಾರ ನಾನೊಂದು ತಪ್ಪು ಮಾಡಿದೆ. ಹೊಸದಾಗಿ ಸೇರುವವರಿಗೆ ಇದು ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ತಾಮ್ರದ ಹಂಡೆಯೊಂದು ಪೂರಾ ಕಪ್ಪಾಗಿ ಮೂಲೆಯಲ್ಲಿತ್ತು. ಹೋಳಿಗೆ ಮಕ್ಕಳು ಬರುತ್ತಾರೆ, ಚೆಂದ ಕಾಣಲಿ ಅಂತ ಹಿತ್ತಲ ನಳದ ಕೆಳಗಿಟ್ಟು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಮನೆಯಲ್ಲಿ ಮಾಡುವ ಹಾಗೆಯೇ. ಫಳಫಳ ಹೊಳೆಯಿತು. ಮಾಸ್ತರು ಬಂದು ನೋಡಿದರು. ಬೈಯಲಿಲ್ಲ. “ಮಸಿ ಗೆರಿ ಎಲ್ಲಿಮಟ ಇತ್ತು, ನೆನಪೈತೇನ್ರಿ?” ಅಂತ ಕೇಳಿದರು. ನೆನಪಿರಲಿಲ್ಲ. ಹಂಡೆ ಒಲೆಯೊಳಗೆ ಎಷ್ಟು ಇಳಿದು ಕೂರುತ್ತಿತ್ತು, ಉರಿ ಯಾವ ಕಡೆಯಿಂದ ಬರುತ್ತಿತ್ತು ಎಂಬುದು ಆ ಗೆರೆಯಲ್ಲಿತ್ತು. ಆ ಮನೆ ಈಗ ಇಲ್ಲ. ಆ ಬಚ್ಚಲ ಒಲೆಯೂ ಇಲ್ಲ. ಗೆರೆಯೊಂದೇ ಉಳಿದಿತ್ತು. ಹುಣಸೆಯ ಹುಳಿ ತಾಮ್ರದ ಮೇಲ್ಪದರವನ್ನೇ ಕರಗಿಸುತ್ತದೆ, ಅದಕ್ಕೇ ಹೊಳಪು ಬರುವುದು ಅಂತ ಆಮೇಲೆ ವಿವರಿಸಿದರು. ಪ್ರತಿ ಸಲ ತಿಕ್ಕಿದಾಗಲೂ ಹಂಡೆ ಒಂದಿಷ್ಟು ಹೋಗುತ್ತದೆ. ಸ್ಥಿತಿಯ ಕಾಲಂನಲ್ಲಿ ದಿನಾಂಕ, ಮಾಡಿದ ಕೆಲಸ, ನನ್ನ ಹೆಸರು ಮೂರನ್ನೂ ನಾನೇ ಬರೆದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಂದ ಮುಂದೆ ಒಣ ಮೃದು ಬ್ರಶ್ ಬಿಟ್ಟು ಬೇರೇನನ್ನೂ ಕೇಳದೆ ಬಳಸಿಲ್ಲ.

ಹೋಳಿಯ ಬಗ್ಗೆ ಬಾಗಲಕೋಟೆಯವರಿಗೆ ಹೇಳಬೇಕಾಗಿಲ್ಲ. ಓಣಿ ಓಣಿಯಲ್ಲೂ ಹಲಗಿ, ದಿನಗಟ್ಟಲೆ ಬಣ್ಣ. ಸಂಗ್ರಹಾಲಯದಲ್ಲಿ ಬಣ್ಣಕ್ಕೆ ಹಿಂದಿನ ಸಂಜೆ ಹಲಗಿ ಬಾರಿಸುವವರನ್ನು ಕರೆಸಿದ್ದೆವು. ಅಂಗಳದಲ್ಲಿ ಸಣ್ಣ ಬೆಂಕಿ ಹಾಕಿ ಹಲಗಿ ಕಾಸಿದರು. ಯಾಕೆ ಕಾಸಬೇಕು ಅಂತ ಮಕ್ಕಳು ಕೇಳಿದರು. ಕಾಸುವ ಮೊದಲು ಒಂದು ಪೆಟ್ಟು, ಕಾಸಿದ ಮೇಲೆ ಒಂದು ಪೆಟ್ಟು ಹೊಡೆದು ತೋರಿಸಿದರು. ಚರ್ಮದಲ್ಲಿನ ಪಸೆ ಆರಿ ಬಿಗಿಯಾದಾಗ ದನಿ ಹೇಗೆ ಮೇಲೇರುತ್ತದೆ ಎಂಬುದು ಕಿವಿಗೇ ತಿಳಿಯಿತು. ಯುಗಾದಿಗೆ ಬೇವು ಬೆಲ್ಲ ಹಂಚಿ, ಹಳೇ ಪಂಚಾಂಗಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಜನ ಕಡಿಮೆ ಬಂದರು, ಹಬ್ಬದ ದಿನ ಮನೆಯಲ್ಲೇ ಕೆಲಸ ಜಾಸ್ತಿ.

ಏಪ್ರಿಲ್ 1ರಂದು ಇಟ್ಟಿದ್ದ ದುಡ್ಡಿನ ಆಟ ಮಾತ್ರ ಎಲ್ಲರಿಗೂ ಹಿಡಿಸಿತು. ನಮ್ಮಲ್ಲಿ ಹೊಸ ಪೈಸೆ ಬಂದಿದ್ದು 1957ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಅಂಗಳದಲ್ಲಿ ಚುರುಮುರಿ, ಮೆಣಸಿನಕಾಯಿ ಬಜ್ಜಿ ಅಂಗಡಿ ಹಾಕಿ, ರಟ್ಟಿನ ನಾಣ್ಯ ಕೊಟ್ಟು, ಹಳೇ ಲೆಕ್ಕದಲ್ಲೇ ವ್ಯಾಪಾರ ಮಾಡಬೇಕು ಅಂದೆವು. ಆರೂವರೆ ಆಣೆ ಸಾಮಾನಿಗೆ ರೂಪಾಯಿ ಕೊಟ್ಟರೆ ಎಷ್ಟು ವಾಪಸ್? ಮಕ್ಕಳು ಬೆರಳು ಮಡಚುತ್ತಾ ನಿಂತರೆ, ಕರೆದುಕೊಂಡು ಬಂದ ಅಜ್ಜಂದಿರು ಹಿಂದಿನಿಂದ ಥಟ್ಟನೆ “ಒಂಬತ್ತೂವರಿ ಆಣೆ!” ಅನ್ನುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದ ತೂತಿನ ದುಡ್ಡನ್ನು ಒಬ್ಬ ಹುಡುಗ ದಾರಕ್ಕೆ ಪೋಣಿಸಿ ತಂದಿದ್ದ. ಅವನ ಮುತ್ತಜ್ಜಿ ಅದನ್ನು ಕೂಸಿನ ಉಡುದಾರಕ್ಕೆ ಕಟ್ಟುತ್ತಿದ್ದಳಂತೆ. ಅದೂ ರಿಜಿಸ್ಟರ್‌ಗೆ ಹೋಯಿತು.

ನನಗೆ ಎಲ್ಲಕ್ಕಿಂತ ಮನಸ್ಸಿನಲ್ಲಿ ಉಳಿದದ್ದು ಹಗೇವಿನ ದಿನ. ಹಗೇವು ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಕಣಜ.

ಅದಕ್ಕೂ ಸ್ವಲ್ಪ ಮೊದಲು ಬಿಳಿಜೋಳದ ಸುಗ್ಗಿ ಮುಗಿದಿತ್ತು. ಹಿಂದೆಲ್ಲ ಹಗೇವು ತುಂಬುವ ಕಾಲ ಅದೇ. ಮಣ್ಣಿನಲ್ಲಿ ಹಗೇವಿನ ಸೀಳು ಮಾದರಿ ಮಾಡಿಸಿದ್ದೆವು, ಒಂದು ಬದಿಗೆ ಗಾಜು. ವಿವರಿಸಲು ಬೀಳಗಿ ಕಡೆಯ ರೈತರೊಬ್ಬರು ಬಂದಿದ್ದರು. ಎಂಬತ್ತು ದಾಟಿದವರು. ಮೈಕ್ ಬೇಡ ಅಂದರು. ಕಟ್ಟೆ ಮೇಲೆ ಕೂತು, ಮಕ್ಕಳನ್ನು ಹತ್ತಿರ ಕರೆದು ಶುರುಮಾಡಿದರು.

ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ಮಣ್ಣು ನೋಡಿ ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಹೊಟ್ಟೆ ದೊಡ್ಡದು, ಗಡಿಗೆಯ ಹಾಗೆ. ಒಳಗೆ ಬೆಂಕಿ ಹಾಕಿ ಪಸೆ ಆರಿಸುತ್ತಿದ್ದರು. ತಳಕ್ಕೆ, ಗೋಡೆಗೆ ಕಣಿಕೆ, ಹೊಟ್ಟು ಒತ್ತಿ ಜೋಳ ಸುರಿಯುತ್ತಿದ್ದರು. ಮೇಲೆ ಮತ್ತೆ ಹೊಟ್ಟು, ಆಮೇಲೆ ಬಂಡೆ, ಆಮೇಲೆ ಮಣ್ಣು. ಹಗೇವು ಎಲ್ಲಿದೆ ಅಂತ ಮನೆಯವರಿಗೆ ಬಿಟ್ಟು ಬೇರೆಯವರಿಗೆ ಕಾಣುತ್ತಿರಲಿಲ್ಲ. ಗೋಡೆಗೆ ತಾಗಿದ ಜೋಳ ಕಪ್ಪಾಗುತ್ತಿತ್ತು, ಅದು ದನಕ್ಕೆ. ನಡುವಿನದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು.

ಒಬ್ಬ ಹುಡುಗಿ ಕೇಳಿದಳು, ಹುಳ ಬೀಳಲ್ವಾ ಅಂತ. ಅಜ್ಜ ಆ ಪ್ರಶ್ನೆಗೇ ಕಾಯುತ್ತಿದ್ದವರ ಹಾಗೆ ಮುಂದೆ ಬಾಗಿದರು. “ಹುಳಕ್ಕ ಉಸರು ಬೇಕಲ್ಲವ್ವಾ?” ಅಂದರು. ಮುಚ್ಚಿದ ಹಗೇವಿನಲ್ಲಿ ಕಾಳೂ ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ. ಒಳಗಿನ ಒಳ್ಳೆಯ ಗಾಳಿ ಮುಗಿಯುತ್ತದೆ, ಕೆಟ್ಟ ಗಾಳಿ ತುಂಬುತ್ತದೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಶಾಲೆಯಲ್ಲಿ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಅಂತ ಕಲಿಯುವುದನ್ನು ಅವರು ಎರಡು ಮಾತಿನಲ್ಲಿ ಹೇಳಿಬಿಟ್ಟರು.

ಆಮೇಲೆ ಅವರ ದನಿ ಇಳಿಯಿತು. ಹುಳವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆಗೆದು ಬಹಳ ಹೊತ್ತು ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಉರಿದರೆ ಇಳಿಯಬಹುದು, ಆರಿದರೆ ಇಲ್ಲ. ಒಂದು ಸಲ ಅವರ ಓಣಿಯಲ್ಲಿ ಒಬ್ಬ ಹುಡುಗ ಅವಸರ ಮಾಡಿ ಇಳಿದನಂತೆ. ಅವನನ್ನು ಎತ್ತಲು ಹೋದ ಅವನ ಕಾಕಾನೂ ಮೇಲೆ ಬರಲಿಲ್ಲ. ಅಜ್ಜ ಅಷ್ಟು ಹೇಳಿ ರುಮಾಲಿನ ತುದಿಯಿಂದ ಬಾಯಿ ಒರೆಸಿಕೊಂಡು ಸುಮ್ಮನಾದರು. ನಲವತ್ತು ಮಕ್ಕಳು ಗಾಜಿನ ಹಿಂದಿನ ಆ ಮಣ್ಣಿನ ಹೊಟ್ಟೆಯನ್ನು ನೋಡುತ್ತಾ ಕೂತಿದ್ದರು.

ಕಾರ್ಯಕ್ರಮ ಮುಗಿದು ಚಹಾ ಕೊಡಲು ಅವರನ್ನು ಒಳಗೆ ಕರೆದೆ. ಹೋಗುತ್ತಾ ಕಪಾಟಿನ ಮುಂದೆ ನಿಂತರು. ಅಲ್ಲೊಂದು ಮರದ ಬಟ್ಟಲಿತ್ತು. ರಿಜಿಸ್ಟರ್‌ನಲ್ಲಿ ‘ಮರದ ಬಟ್ಟಲು, ತಳದಲ್ಲಿ 3 ತೂತು’. ಅದನ್ನು ನೋಡಿ, “ಇದರ ಕೊಳವಿ ಎಲ್ಲಿ?” ಅಂದರು. ನನಗೆ ತಿಳಿಯಲಿಲ್ಲ. ಅವರು ಆ ಕಡೆ ಈ ಕಡೆ ನೋಡಿ, ಇನ್ನೊಂದು ಕೋಣೆಗೆ ಹೋಗಿ, ಕೆಳಗಿನ ಹಲಗೆಯ ಮೇಲಿದ್ದ ಮೂರು ಬಿದಿರಿನ ಕೊಳವೆಗಳನ್ನು ತೋರಿಸಿದರು. ಅವನ್ನು ‘ಬಿದಿರಿನ ಕೊಳವೆ, ಉಪಯೋಗ ತಿಳಿದಿಲ್ಲ’ ಅಂತ ಬೇರೆ ನಂಬರಿನಲ್ಲಿ ಬರೆದಿದ್ದರು. ಮಾಸ್ತರು ಹೂಂ ಅಂದ ಮೇಲೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡನ್ನೂ ತಂದಿಟ್ಟೆವು. ಅಜ್ಜ ಒಂದೊಂದಾಗಿ ಕೊಳವೆಯನ್ನು ಬಟ್ಟಲಿನ ತಳದ ತೂತಿಗೆ ಇಟ್ಟರು. ಮೂರೂ ಸರಿಯಾಗಿ ಕೂತವು. ಎಷ್ಟು ವರ್ಷದಿಂದಲೋ ಎರಡು ಕೋಣೆಯಲ್ಲಿದ್ದವು.

“ಕೂರಿಗಿ ಬಟ್ಟಲ ಇದು. ಒಂದs ಸಾಮಾನ ಎರಡ ಕಡೆ ಯಾಕ ಇಟ್ಟೀರಿ?”

ಆಮೇಲೆ ಕೂತು ಎಲ್ಲ ಹೇಳಿದರು. ಬೀಜ ಬಿತ್ತುವ ಮೂರು ತಾಳಿನ ಕೂರಿಗೆ. ದಿಂಡು, ತಾಳು, ಈಸು, ಮೇಣಿ ಅಂತ ಅದರ ಭಾಗಗಳು. ಎತ್ತು ಹೊಡೆಯುವವರು ಗಂಡಸರು. ಬಟ್ಟಲಿಗೆ ಬೀಜ ಬಿಡುವವರು ಹೆಂಗಸರು, ಅವರ ಮನೆಯಲ್ಲಿ ಅವರ ತಾಯಿ. ಮುಷ್ಟಿಯಲ್ಲಿ ಜೋಳ ಹಿಡಿದು, ಬೆರಳ ಸಂದಿಯಿಂದ ಮೂರು ತೂತಿಗೂ ಸಮ ಬೀಳುವ ಹಾಗೆ ಬಿಡಬೇಕು. ಎತ್ತಿನ ನಡಿಗೆ ಜೋರಾದರೆ ಕೈಯೂ ಜೋರಾಗಬೇಕು. ಒಂದು ತೂತಿಗೆ ಕಡಿಮೆ ಬಿದ್ದರೆ ಹದಿನೈದು ದಿನದಲ್ಲಿ ಹೊಲವೇ ಹೇಳುತ್ತದೆ, ಒಂದು ಸಾಲು ತೆಳ್ಳಗೆ ಹುಟ್ಟುತ್ತದೆ. ಅವರು ಖಾಲಿ ಮುಷ್ಟಿ ಹಿಡಿದು, ಬಟ್ಟಲಿನ ಮೇಲೆ ಬೆರಳಾಡಿಸಿ ತೋರಿಸಿದರು. ಕೈ ನಡುಗುತ್ತಿತ್ತು, ಬೆರಳಿನ ಲೆಕ್ಕ ತಪ್ಪಿರಲಿಲ್ಲ. ನಾನು ಫೋನಿನಲ್ಲಿ ವಿಡಿಯೊ ಮಾಡಿಕೊಂಡೆ. ಅದನ್ನು ಈಗ ಬಟ್ಟಲಿನ ಪಕ್ಕದ ಸಣ್ಣ ಪರದೆಯಲ್ಲಿ ತೋರಿಸುತ್ತೇವೆ.

ಆವತ್ತು ರಾತ್ರಿ ರಿಜಿಸ್ಟರ್ ತಿದ್ದುವಾಗ ಮಾಸ್ತರು ಹಳೇ ನಂಬರುಗಳನ್ನು ಹೊಡೆದುಹಾಕಲು ಬಿಡಲಿಲ್ಲ. ಹಳೇದು ಹಾಗೇ ಇರಲಿ, ಪಕ್ಕದಲ್ಲಿ ಇವೆರಡೂ ಒಂದೇ ಅಂತ ತಾರೀಖು ಹಾಕಿ ಬರೆಯಿರಿ ಅಂದರು. ನಮಗೆ ಯಾವಾಗ ತಿಳಿಯಿತು ಎಂಬುದೂ ದಾಖಲೆಯೇ.

ಏಪ್ರಿಲ್ 18 ವಿಶ್ವ ಪರಂಪರೆ ದಿನ. ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋದೆವು. ಬಿಸಿಲು ಏರುವ ಮೊದಲೇ ಅಗಸ್ತ್ಯ ತೀರ್ಥದ ದಂಡೆಯಲ್ಲಿದ್ದೆವು. ಅಲ್ಲಿನ ಪುರಾತತ್ವ ಇಲಾಖೆಯ ಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇದೆ. ಮಕ್ಕಳಿಗೆ ಮೂರ್ತಿ ನೋಡಿ, ಜೊತೆಗೆ ಪಕ್ಕದ ಚೀಟಿಯನ್ನೂ ಓದಿ ಅಂತ ಹೇಳಿದ್ದೆ. ಎಲ್ಲಿ ಸಿಕ್ಕಿತು, ಯಾವ ಕಾಲದ್ದು, ಯಾವ ಕಲ್ಲು. ಒಂದು ಚೀಟಿಯಲ್ಲಿ ಏನಿರಬೇಕು ಅಂತ ಅವರೇ ಪಟ್ಟಿ ಮಾಡಿಕೊಂಡರು.

ಆಮೇಲೆ ಕಪ್ಪೆ ಅರಭಟ್ಟನ ಶಾಸನ. ಕೆರೆಯ ಆಚೆ ಬಂಡೆಯ ಮೈಮೇಲೆ, ಸುಮಾರು 700ನೇ ಇಸವಿಯದು. “ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ” ಅನ್ನುವ ಸಾಲು ನಮಗೆಲ್ಲ ಪಠ್ಯಪುಸ್ತಕದಿಂದ ಗೊತ್ತು. ಬಂಡೆಯ ಮುಂದೆ ನಿಂತು ಓದುವುದು ಬೇರೆಯೇ. ಮಾಸ್ತರು ಪದ್ಯವನ್ನು ಜೋರಾಗಿ ಹೇಳಿ, ಎಷ್ಟು ಸಾಲು ಆಯಿತು ಅಂತ ಕೇಳಿದರು. ಮೂರು. ತ್ರಿಪದಿ. ಕನ್ನಡದಲ್ಲಿ ಸಿಕ್ಕಿರುವ ಬಹಳ ಹಳೆಯ ತ್ರಿಪದಿ ಇದು. ಮೂರು ಸಾಲಿನ ಹಾಡು ನಿಮ್ಮ ಮನೆಯಲ್ಲಿ ಯಾರಾದರೂ ಹಾಡುತ್ತಾರಾ ಅಂತ ಕೇಳಿದಾಗ ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ, “ನಮ್ಮಜ್ಜಿ ಬೀಸೂಮುಂದ ಹಾಡ್ತಿದ್ಳಂತರಿ” ಅಂದ.

ಮನೆಗೆ ಬಂದು ಇದನ್ನು ನಮ್ಮ ಅತ್ತೆಗೆ ಹೇಳಿದೆ. ಅತ್ತೆಗೆ ಎಪ್ಪತ್ತೆಂಟು. ಹಳೇ ಬಾಗಲಕೋಟೆಯ ಮನೆ ಬಿಟ್ಟು ಬಂದವರು. ಫೆಬ್ರುವರಿಯಿಂದ ನಾನು ಕರೆಯುತ್ತಲೇ ಇದ್ದೆ, ಬಂದಿರಲಿಲ್ಲ. “ನಮ್ಮನಿ ಸಾಮಾನ ಅಲ್ಲಿ ಹೋಗಿ ಏನ್ ನೋಡೂದೈತಿ” ಅನ್ನುತ್ತಿದ್ದರು. ಅವರಿಗೆ ಅದು ನೋವಿನ ಮಾತು, ನಾನು ಒತ್ತಾಯ ಮಾಡಿರಲಿಲ್ಲ. ಆವತ್ತು ಮಾತ್ರ ಶಾಸನದ ಪದ್ಯ ಓದು ಅಂದರು. ಓದಿದೆ. ಹಳಗನ್ನಡ ಅವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಓದು ಅಂದರು. ಎರಡನೇ ಸಲಕ್ಕೆ ಅವರ ಬಲಗೈ ತೊಡೆಯ ಮೇಲೆ ಸಣ್ಣಗೆ ತಿರುಗುತ್ತಿತ್ತು. ಮೂರನೇ ಸಲ ಅವರೇ ರಾಗ ಹಾಕಿದರು, ಜೋಳ ಬೀಸುವಾಗಿನ ರಾಗ. 1300 ವರ್ಷದ ಹಿಂದಿನ ಬಂಡೆಯ ಮೇಲಿನ ಮಾತು ನಮ್ಮ ಹಾಲ್‌ನಲ್ಲಿ, ಫ್ಯಾನಿನ ಕೆಳಗೆ, ಒಂದು ಎಳೆ ತಪ್ಪದೆ ಆ ರಾಗದಲ್ಲಿ ಕೂತಿತು. ನನಗೆ ಕಣ್ಣು ತುಂಬಿ ಬಂತು.

ಮೇ 18 ಅಂತರರಾಷ್ಟ್ರೀಯ ಸಂಗ್ರಹಾಲಯ ದಿನ. ಬೇಸಿಗೆಯ ಕೊನೆಯ ಕಾರ್ಯಕ್ರಮ. ಇದರ ಯೋಜನೆ ನನ್ನದಾಗಿತ್ತು. ಐದನೇ ಕಾಲಂನಲ್ಲಿ ಇನ್ನೂ ಗೆರೆ ಮಾತ್ರ ಇದ್ದ 31 ವಸ್ತುಗಳನ್ನು ಪಡಸಾಲೆಯಲ್ಲಿ ಬಿಳಿ ಬಟ್ಟೆಯ ಮೇಲೆ ಜೋಡಿಸಿದೆವು. ಪ್ರತಿಯೊಂದರ ಪಕ್ಕ ನಂಬರು, ಖಾಲಿ ಹಾಳೆ, ಪೆನ್ಸಿಲ್, ಒಬ್ಬ ಹುಡುಗ ಅಥವಾ ಹುಡುಗಿ. ಅರವತ್ತು ದಾಟಿದವರೆಲ್ಲ ಬನ್ನಿ, ಹೆಸರು ಹೇಳಿ ಅಂತ ಓಣಿ ಓಣಿಯಲ್ಲಿ ಹೇಳಿ ಬಂದಿದ್ದೆವು. ಬಿಸಿಲಿಗೆ ಹೆದರಿ ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆದೆವು. ಎಂಟಕ್ಕೆ ಕುರ್ಚಿ ಸಾಲಲಿಲ್ಲ.

ಏನು ಸಂಭ್ರಮ ಅಂತೀರಿ. ಬೀಸುಕಲ್ಲಿಗೆ ಮುಳ್ಳು ಹಾಕುವ ಉಳಿಯನ್ನು ಒಬ್ಬರು ಗುರುತಿಸಿದರು. ಬೀಸಿ ಬೀಸಿ ಕಲ್ಲು ನುಣ್ಣಗಾದಾಗ ಅದನ್ನು ಮತ್ತೆ ಒರಟು ಮಾಡಲು ಮನೆ ಮನೆಗೆ ಬರುತ್ತಿದ್ದವರ ಸಾಮಾನು ಅದು. ಅಳತೆಯ ಡಬ್ಬಿಗಳ ಮುಂದೆ ಸೇರು, ಅಚ್ಛೇರು, ಪಾವು, ಗಿದ್ನ ಅಂತ ಇಬ್ಬರು ಅಜ್ಜಿಯರು ಸಾಲಾಗಿ ಜೋಡಿಸಿಬಿಟ್ಟರು. ಮಾಳಿಗೆಯ ಮೇಲ್ಮುದ್ದೆಗೆ ಹಾಕುವ ಕರಲು ಮಣ್ಣಿನ ಹೆಂಟೆಯನ್ನು ನಾವು ‘ಬಿಳಿ ಮಣ್ಣು’ ಅಂತ ಬರೆದಿದ್ದೆವು. ಮಳೆ ಬಿದ್ದಾಗ ಆ ಸವಳು ಮಣ್ಣು ಕದಡಿ ಸಂದಿ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸೋರುವುದಿಲ್ಲ, ಮಳೆಗಾಲಕ್ಕೆ ಮೊದಲು ಇದೇ ದಿನಗಳಲ್ಲಿ ಮಾಳಿಗೆ ಮೇಲೆ ಹೊಸ ಮಣ್ಣು ಎಳೆಯುತ್ತಿದ್ದೆವು ಅಂತ ಒಬ್ಬರು ಹೇಳಿದರು. ಸಂಜೆಗೆ 31ರಲ್ಲಿ 19ಕ್ಕೆ ಹೆಸರು ಬಂತು.

ಹನ್ನೊಂದರ ಹೊತ್ತಿಗೆ ಅತ್ತೆ ಬಂದರು. ಮಗನ ಕೈ ಹಿಡಿದು, ಇಳಕಲ್ ಸೀರೆ ಉಟ್ಟು. ನಾನು ಏನೂ ಹೇಳದೆ ಪಕ್ಕಕ್ಕೆ ಸರಿದೆ. ಅವರು ಒಂದು ಸುತ್ತು ಹಾಕಿ, 27ನೇ ವಸ್ತುವಿನ ಮುಂದೆ ನಿಂತರು. ಒಂದೇ ಮರದಲ್ಲಿ ಕೆತ್ತಿದ, ಅಂಚು ಸವೆದ, ಅಗಲವಾದ ತಟ್ಟೆಯಂಥದ್ದು. ಅದಕ್ಕೆ ಮೊದಲು ಯಾರೋ ‘ದನಕ್ಕೆ ನೀರಿಡುವ ತೊಟ್ಟಿ ಇರಬಹುದು’ ಅಂತ ಬರೆದಿಟ್ಟಿದ್ದರು.

ಅತ್ತೆ ಆ ಹುಡುಗನಿಗೆ, “ತಮ್ಮಾ, ಹಿಟ್ಟು ನಾದೂದು ಇದರಾಗ. ರೊಟ್ಟಿ ಬಡಿಯೂದು ಇದರಾಗ. ಕೊಣಮಿಗಿ ಅಂತ ಬರಿ” ಅಂದರು. ಬಗ್ಗಿ ಅಂಚಿನ ಒಂದು ಕಡೆ ತೋರಿಸಿದರು. ಅಲ್ಲಿ ಮರ ಹೆಚ್ಚು ತಗ್ಗಾಗಿತ್ತು. ಬಲಗೈಯವರು ಬಡಿದಿದ್ದು ಅಂತ ಹೇಳಿದರು. ಒಂದೇ ಜಾಗದಲ್ಲಿ ಕೈ ಬಿದ್ದು ಬಿದ್ದು ಹಾಗಾಗುತ್ತದಂತೆ.

ಹಿಂದೆ ನಿಂತಿದ್ದ ಇನ್ನೊಬ್ಬ ಅಜ್ಜಿ ಒಪ್ಪಲಿಲ್ಲ. “ಕೊಣಮಿಗಿ ಅಲ್ಲವಾ, ಕೊಮಣಿಗಿ” ಅಂದರು. ಇಬ್ಬರಲ್ಲೂ ಯಾರೂ ಬಿಡಲಿಲ್ಲ. ಹುಡುಗ ನನ್ನ ಮುಖ ನೋಡಿದ. ಎರಡನ್ನೂ ಬರೆದುಕೋ ಅಂದೆ.

ರಾತ್ರಿ ರಿಜಿಸ್ಟರ್ ತೆಗೆದಾಗ ಕಾಲಂನಲ್ಲಿ ಜಾಗ ಸಾಲಲಿಲ್ಲ. ಮಾಸ್ತರು ಒಂದು ಸಣ್ಣ ಚೀಟಿ ಕತ್ತರಿಸಿ ಕೊಟ್ಟರು. ಕೊಣಮಿಗಿ, ಯಾರು ಹೇಳಿದ್ದು, ಯಾವ ಓಣಿ. ಕೊಮಣಿಗಿ, ಯಾರು ಹೇಳಿದ್ದು, ಯಾವ ಊರು. ಎರಡನ್ನೂ ಬರೆದು ಐದನೇ ಕಾಲಂನ ಅಂಚಿಗೆ ಅಂಟಿಸಿದೆ. ಉಳಿದ 12ರ ಪಟ್ಟಿ ನನ್ನ ಚೀಲದಲ್ಲಿದೆ. ಮಳೆಗಾಲದಲ್ಲಿ ಗುರುವಾರ, ಶನಿವಾರ ಮಾತ್ರ ಬಾಗಿಲು ತೆಗೆಯುತ್ತೇವೆ. ಅತ್ತೆ ಗುರುವಾರ ಬರುತ್ತೇನೆ ಅಂದಿದ್ದಾರೆ.